ಎರಡು ಮನೆಯ ಓಲೆ

ಸೆಪ್ಟೆಂಬರ್ 7, ಶನಿವಾರ

ಬೆಳ್ಳಿ ಉಜ್ಜಿ ಉಜ್ಜಿ ಬೆರಳೆಲ್ಲ ಕಪ್ಪು. ಸೀಮೆಸುಣ್ಣದ ಪುಡಿ ಮುಗಿಯಿತು — ಶಾಲೆಯ ಕಾವಲುಗಾರನ ಹತ್ತಿರ ಮತ್ತೆ ಹಲ್ಲು ಕಿರಿಯಬೇಕು. ಬೆಳಿಗ್ಗೆ ಅಂಗಡಿ ಇಟ್ಟಿರುವ ಕಂಟೇನರಿನ ಬೀಗ ಚಳಿಗೆ ಕಚ್ಚಿಕೊಂಡು ಎಷ್ಟು ಹೊತ್ತಾದರೂ ತೆರೆಯಲಿಲ್ಲ. ಇನ್ನೂ ಸೆಪ್ಟೆಂಬರ್! ನಮ್ಮ ಬೆಟ್ಟದೂರು ನಾರಿನ್‌ನಲ್ಲಿ ಎರಡೇ ಕಾಲ. ಒಂದು ಚಳಿಗಾಲ, ಇನ್ನೊಂದು ಚಳಿಗಾಲಕ್ಕೆ ಕಲ್ಲಿದ್ದಲು ಕೂಡಿಡುವ ಕಾಲ.

ಜಿಪರ್‌ಗೆ ರಜೆ. ನರ್ಸಿಂಗ್ ಕಾಲೇಜಿನಲ್ಲಿ ಯಾವುದೋ ಪೈಪ್ ಒಡೆದಿದೆಯಂತೆ. ಬಂದು ಅಂಗಡಿಯಲ್ಲಿ ಕೂತಳು. ತಂಗಿ ಬಂದ ದಿನ ವ್ಯಾಪಾರವೇ ಬೇರೆ. ಈ ಸಂತೆಯಲ್ಲಿ ಯಾವ ಹೆಂಗಸೂ ಕನ್ನಡಿ ನಂಬಿ ಓಲೆ ಕೊಳ್ಳುವುದಿಲ್ಲ. ಇನ್ನೊಬ್ಬಳ ಕಿವಿಯಲ್ಲಿ ತೂಗಿಸಬೇಕು, ಅವಳು ಕತ್ತು ಆಡಿಸಬೇಕು, ಆಮೇಲೆ ಚೌಕಾಸಿ. ನನ್ನ ಎಡಗಿವಿ ಹರಿದಿದೆ. ಜಿಪರ್ ಕೂಸಾಗಿದ್ದಾಗ ನೇತಾಡಿ ಹರಿದದ್ದು. ಹಾಗಾಗಿ ಈಗ ಅವಳ ಕಿವಿಯೇ ಅಂಗಡಿಯ ಕಿವಿ. "ಹರಿದ ತಪ್ಪಿಗೆ ದಂಡ ಕಟ್ತಾ ಇದೀನಿ ಅಕ್ಕಾ" ಅನ್ನುತ್ತಾಳೆ.

ಮಧ್ಯಾಹ್ನ ಅತ್‌ಬಾಶಿ ಕಡೆಯ ಒಬ್ಬ ಅಜ್ಜಿ ಬಂದರು. ಕಾಲಿಚಾ ಅಂತೆ ಹೆಸರು. ಮಗನಿಗೆ ಹುಡುಗಿ ಗೊತ್ತಾಗಿದೆ, ಈ ತಿಂಗಳ ಕೊನೆಗೆ ಹೋಗಿ ಓಲೆ ಇಟ್ಟು ನಿಶ್ಚಯ ಮಾಡಬೇಕು, ಹವಳದ್ದೇ ಆಗಬೇಕು. ಮೂರು ಜೊತೆ ತೆಗೆಸಿ ಮೂರನ್ನೂ ಬೈದು, ನಾಲ್ಕನೆಯದನ್ನು ಕೈಗೆತ್ತಿಕೊಂಡರು.

"ಈ ಮಗು ಕಿವಿಗೆ ಒಂದ್ಸಲ ಹಾಕಿ ನೋಡ್ಲಾ?"

"ಹಾಕಿ ನೋಡಿ ಅಜ್ಜಿ. ಕಿವಿ ಏನು ಸವೆಯಲ್ಲ."

ಜಿಪರ್ ನನ್ನ ಮುಖ ನೋಡಿದಳು. ಅವಳ ಕಿವಿಯಲ್ಲಿ, ಅತ್ತೆಯಾಗಲಿರುವ ಸಾಲ್ಕಿನ್ ಇಟ್ಟ ಓಲೆ. ಜುಲೈನಲ್ಲಿ ಮನೆಗೆ ಬಂದು, ಎಲ್ಲರೆದುರು ಇಟ್ಟು, ನನ್ನ ಮಗ ಎರ್ಮೆಕ್‌ಗೆ ಇವಳೇ ಅಂದು ಹೋದದ್ದು. ಮದುವೆ ನವೆಂಬರಿಗೆ.

"ಅಕ್ಕಾ, ಮದುವೆ ತನಕ ತೆಗೀಬಾರ್ದು ಅಂದಿದಾರೆ ಅತ್ತೆ."

"ಒಂದು ನಿಮಿಷ ತೆಗೆದ್ರೆ ನಿನ್ನತ್ತೆ ಏನು ದುರ್ಬೀನು ಹಾಕ್ಕೊಂಡು ಕೂತಿರ್ತಾಳಾ?"

ತೆಗೆದು ತಟ್ಟೆಯ ತುದಿಯಲ್ಲಿಟ್ಟಳು. ಅಜ್ಜಿ ಎರಡೂ ಕೈ ಎತ್ತಿ ಕೊಕ್ಕೆ ಸಿಕ್ಕಿಸುತ್ತಿದ್ದರು. ಆಗ ಟಕ್ ಅಂತ ಸದ್ದು. ನೋಡಿದರೆ ಕಪ್ಪು ಟೋಪಿಯ ಹುಡುಗ, ಪೇಟೆಯ ಬೂಟು, ಕೈಯಲ್ಲಿ ಕ್ಯಾಮೆರಾ.

"ಏಯ್! ಯಾರನ್ನ ಕೇಳಿ ತೆಗ್ದೆ?"

"ಬೆಳಕು ಚೆನ್ನಾಗಿತ್ತು ಅಕ್ಕಾ."

"ಬೆಳಕೇನು ನಿಮ್ಮಪ್ಪನ ಮನೇದಾ?"

ನಕ್ಕ. ಟೋಪಿ ಮುಟ್ಟಿ ಹೋಗಿಬಿಟ್ಟ. ಅಜ್ಜಿಗೂ ನಗು. "ಬಿಡು ಮಗಳೇ. ನನ್ನ ಮುಖದಲ್ಲಿ ಕದಿಯೋಕೆ ಏನುಳಿದಿದೆ" ಅಂದರು. ಓಲೆ ಕೊಂಡರು. ಒಳ್ಳೆಯ ಗಿರಾಕಿ.

ಸೆಪ್ಟೆಂಬರ್ 11

ಹಲ್ಲುನೋವು. ಮಂಗಳವಾರ ಅಂಗಡಿ ತೆಗೆಯಲಿಲ್ಲ. ಜೊಲ್ಚು ರಾಜಧಾನಿ ಬಿಶ್ಕೆಕ್‌ಗೆ ಜನ ತುಂಬಿಕೊಂಡು ವ್ಯಾನು ಹೊಡೆದು ಬರುವಾಗ ಲವಂಗದೆಣ್ಣೆ ತಂದಿದ್ದಾನೆ. ಮದುವೆಯಾಗಿ ಹದಿನೆಂಟು ವರ್ಷಕ್ಕೆ ನಾನು ಕೇಳದೆಯೇ ಗಂಡ ತಂದ ಮೊದಲ ವಸ್ತು.

ಸೆಪ್ಟೆಂಬರ್ 24

ಜೊಲ್ಚು ವ್ಯಾನು ನಿಲ್ಲಿಸಿದವನೇ ಫೋನು ಹಿಡಿದುಕೊಂಡು ಒಳಗೆ ಬಂದ. "ನಿನ್ನ ತಂಗಿ ಫೇಮಸ್ಸು!"

ಅದೇ ಫೋಟೋ. ಅಜ್ಜಿಯ ಸುಕ್ಕುಗೈ, ಹವಳ, ಬಗ್ಗಿಸಿದ ಜಿಪರ್ ಕತ್ತು. ಸುಳ್ಳು ಯಾಕೆ ಹೇಳಲಿ — ಚೆಂದವೇ ಇತ್ತು. ನಮ್ಮಮ್ಮ ಕಂಡ ಹಾಗಾಯಿತು. ಅವಳು ಹೋಗಿ ಹನ್ನೆರಡು ವರ್ಷ, ಒಂದು ಒಳ್ಳೆಯ ಫೋಟೋ ಇಲ್ಲ. ಮೂವರೂ ತಲೆ ಕೂಡಿಸಿ ನೋಡಿದೆವು. ಆಮೇಲೆ ಜಿಪರ್ ಕೆಳಗೆ ಬರೆದದ್ದು ಓದಿದಳು. 'ನಾರಿನ್ ಸಂತೆಯಲ್ಲಿ ಸೊಸೆಗೆ ಓಲೆ ಇಡುತ್ತಿರುವ ಅತ್ತೆ. ಹುಡುಗಿಯ ಕಣ್ಣಲ್ಲಿ ಒಪ್ಪಿಗೆಯ ನಾಚಿಕೆ.'

"ನಾಚಿಕೆಯಂತೆ! ಬೆಳ್ಳಿ ತಣ್ಣಗೆ ಕೊರೀತಿತ್ತು ಅಷ್ಟೇ."

ಬಿದ್ದು ಬಿದ್ದು ನಕ್ಕೆವು. ಯಾವ ಅತ್ತೆಯಾದರೂ ಸಂತೆಯಲ್ಲಿ ನಿಂತು ಓಲೆ ಇಡುತ್ತಾಳಾ? ಪೇಟೆ ಹುಡುಗ, ಅಜ್ಜಿ ಇಲ್ಲದ ಮನೆಯಲ್ಲಿ ಬೆಳೆದಿರಬೇಕು ಅಂದೆ. ಜೊಲ್ಚು ಮಾತ್ರ ನಗು ನಿಲ್ಲಿಸಿ, ಫೋಟೋದ ಮೂಲೆಯನ್ನು ಎರಡು ಬೆರಳಲ್ಲಿ ಹಿಗ್ಗಿಸಿದ. "ಇದು ಸಾಲ್ಕಿನ್ ಓಲೆ ಅಲ್ವೇನೇ?"

ತಟ್ಟೆಯ ತುದಿ. ಮಾರುವ ಓಲೆಗಳ ಪಕ್ಕ. ಸ್ಪಷ್ಟವಾಗಿ ಕಾಣುತ್ತಿತ್ತು. ಹಾಳಾದವನು ಅದೆಂಥ ಕ್ಯಾಮೆರಾ ಇಟ್ಟುಕೊಂಡಿದ್ದಾನೋ...

ಸೆಪ್ಟೆಂಬರ್ 26

ಸಾಲ್ಕಿನ್ ಅಂಗಡಿಗೇ ಬಂದಳು. ಕೂರಲಿಲ್ಲ. ಚಹಾ ಬಗ್ಗಿಸಿದೆ, ಮುಟ್ಟಲಿಲ್ಲ. ಫೋನು ತೆಗೆದು ನನ್ನ ಮೂಗಿಗೆ ಹಿಡಿದಳು.

"ಇದು ಯಾರ ಓಲೆ ಸೊನುನ್?"

"ನಿಮ್ಮದೇ. ಕೇಳಿ, ಆವತ್ತು ಏನಾಯ್ತು ಅಂದ್ರೆ —"

"ಎಲ್ಲಿದೆ ಅದು?"

"ತಟ್ಟೇಲಿ..."

"ಮಾರೋ ಮಾಲಿನ ಜೊತೆ. ನನ್ನತ್ತೆ ನನ್ನ ಕಿವಿಗಿಟ್ಟ ಓಲೆ ಕಣೇ ಅದು. ಅವರು ಸತ್ತ ದಿನಾನೂ ತೆಗ್ದಿರಲಿಲ್ಲ ನಾನು. ನಿನ್ನ ತಂಗಿಗೆ ಅಂತ ಮೊದಲನೇ ಸಲ ತೆಗ್ದೆ. ಅವಳು ತೆಗೆದು ತಟ್ಟೆಗೆ ಹಾಕಿ, ಇನ್ನೊಬ್ಬಳ ಮುಂದೆ ಕತ್ತು ಬಗ್ಗಿಸಿ ನಿಂತಿದಾಳೆ."

ಎಲ್ಲ ಹೇಳಿದೆ. ಅಜ್ಜಿ ಗಿರಾಕಿ, ನೋಡಲಿಕ್ಕೆ ಹಾಕಿದ್ದು, ನನ್ನ ಕಿವಿ ಹರಿದದ್ದು... ಕೂದಲು ಸರಿಸಿ ಕಿವಿ ತೋರಿಸಿದೆ ಕೂಡ. ಅಕ್ಕಪಕ್ಕದ ಅಂಗಡಿಯವರೆಲ್ಲ ಕೆಲಸ ಬಿಟ್ಟು ನೋಡುತ್ತಿದ್ದರು.

"ನಾನು ನಂಬ್ತೀನಿ ಅಂತಾನೇ ಇಟ್ಕೋ" ಅಂದಳು. "ಕಜಾಕ್‌ಸ್ತಾನದಲ್ಲಿರೋ ನನ್ನ ನಾದಿನಿ ಫೋನ್ ಮಾಡಿದ್ಲು. ಎರ್ಮೆಕ್ ಆಫೀಸಲ್ಲಿ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದಾರೆ. ಒಂದು ಕಿವಿಗೆ ಎರಡು ಮನೆ ಓಲೆ ಅಂತ. ಒಬ್ಬೊಬ್ಬರ ಮನೆಗೂ ಹೋಗಿ ನಿನ್ನ ಹರಿದ ಕಿವಿ ತೋರಿಸ್ಲಾ?"

ಅವಳು ಹೋದ ಮೇಲೆ ಆರಿದ ಚಹಾ ನಾನೇ ಕುಡಿದೆ.

ಸೆಪ್ಟೆಂಬರ್ 28

ಜೊಲ್ಚುನ ಎಳೆದುಕೊಂಡು ಅತ್‌ಬಾಶಿಗೆ ಹೋದೆ. ಕಾಲಿಚಾ ಅಜ್ಜಿ ಒಂದು ಮಾತು ಹೇಳಿದರೆ ಸಾಕು, ಎಲ್ಲ ಸರಿಹೋಗುತ್ತದೆ ಅಂದುಕೊಂಡು. ದಾರಿಯಲ್ಲಿ ಹತ್ತು ಜನರನ್ನು ಕೇಳಿದೆವು. ಹತ್ತನೆಯವನು "ಓ, ಫೋಟೋ ಅಜ್ಜೀನಾ?" ಅಂದ.

ಅಜ್ಜಿ ಹಸುವಿನ ಕೆಚ್ಚಲು ತೊಳೆಯುತ್ತಿದ್ದರು. ನನ್ನನ್ನು ಕಂಡದ್ದೇ ಬಕೆಟ್ಟು ಕುಕ್ಕಿದರು.

"ಬಾ ತಾಯಿ ಬಾ! ನಿನ್ನ ಅಂಗಡಿಗೆ ಕಾಲಿಟ್ಟಿದ್ದೇ ಇಟ್ಟಿದ್ದು, ನನ್ನ ಮಗನ ಮದುವೆ ಮುರಿದುಬಿತ್ತು."

ಅವರದ್ದೂ ಅದೇ ಕಥೆ. ಓಲೆ ಇಡಲು ಹೋಗಿದ್ದಾರೆ. ಹುಡುಗಿಯ ಅಪ್ಪ ಬಾಗಿಲಲ್ಲೇ ಫೋನು ತೋರಿಸಿದ್ದಾನೆ. ಯಾವಳದೋ ಕಿವಿಗಿಟ್ಟ ಓಲೆ ನಮ್ಮ ಮಗಳಿಗೆ ತಂದಿದೀರಾ, ಅಲ್ಲೇ ಕೊಡಿ ಹೋಗಿ ಅಂದಿದ್ದಾನೆ. ಒಂದು ಟಕ್ ಅನ್ನುವ ಸದ್ದಿಗೆ ಎರಡು ಮದುವೆ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ.

ಆದರೂ ಅಜ್ಜಿ ಒಳ್ಳೆಯವರು. ನನ್ನ ಫೋನಿನಿಂದಲೇ ಸಾಲ್ಕಿನ್‌ಗೆ ಮಾತಾಡಿದರು. ರೊಟ್ಟಿ ಮೇಲೆ ಆಣೆಯಿಟ್ಟು ಹೇಳಿದರು. ಸಾಲ್ಕಿನ್ ಎಲ್ಲ ಕೇಳಿ, "ಸೊನುನ್ ಪಕ್ಕದಲ್ಲೇ ಕೂತಿದಾಳಾ?" ಅಂದಳಂತೆ.

ಬರುವಾಗ ಜೊಲ್ಚು ರೇಡಿಯೋ ಹಾಕಲಿಲ್ಲ.

ಅಕ್ಟೋಬರ್ 3

ಆ ಕಪ್ಪು ಟೋಪಿಯವನ ನಂಬರು ಸಿಕ್ಕಿತು. ಎಲ್ದಾರ್ ಅಂತೆ. ಬಿಶ್ಕೆಕ್‌ನಲ್ಲಿರುತ್ತಾನೆ. ಬಾಯಿಗೆ ಬಂದ ಹಾಗೆ ಬೈಯಬೇಕು ಅಂತ ಸಿದ್ಧವಾಗಿದ್ದೆ. ಅವನೋ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುತ್ತಾನೆ.

"ಅಕ್ಕಾ, ನಂಗೆ ನಿಜವಾಗ್ಲೂ ಬೇಜಾರಾಗ್ತಿದೆ. ಆದ್ರೆ ಸಂತೆ ಸಾರ್ವಜನಿಕ ಜಾಗ ಅಲ್ವಾ?"

"ಸಂತೆ ಸಾರ್ವಜನಿಕ. ಕಿವಿ ಯಾರದ್ದೋ?"

"ಕೇಳಿ ತೆಗೆದ್ರೆ ಜನ ಸೆಟೆದು ನಿಂತ್ಬಿಡ್ತಾರೆ. ಫೋಟೋದಲ್ಲಿ ಜೀವ ಇರಲ್ಲ."

"ಈಗ ಯಾರ ಜೀವ ಹೋಗ್ತಾ ಇದೆ ಅಂತ ಬಂದು ನೋಡು. ಹೋಗ್ಲಿ, ತೆಗೆದ್ಮೇಲಾದ್ರೂ ಅತ್ತೇನಾ ಗಿರಾಕೀನಾ ಅಂತ ಒಂದು ಮಾತು ಕೇಳೋಕೇನಾಗಿತ್ತು?"

"ನೋಡಿದ್ರೆ ಹಾಗೇ ಕಾಣ್ತಿತ್ತು ಅಕ್ಕಾ" ಅಂದ. ಮುಗ್ಧವಾಗಿ ಅಂದ. ಅದಕ್ಕೇ ಮೈ ಉರಿಯಿತು. ಕೋಳಿ ಕೇಳಿ ಮಸಾಲೆ ಅರೆಯುವುದಿಲ್ಲ ಅನ್ನುವುದು ಕೇಳಿದ್ದೆ. ಇವನು ಕೋಳಿಗೆ ಹೆಸರೂ ಅವನೇ ಇಟ್ಟ.

ಬರಹ ಬದಲಾಯಿಸುತ್ತೇನೆ ಅಂದ. ಫೋಟೋ ಅಳಿಸಲು ಆಗುವುದಿಲ್ಲ, ಸ್ಪರ್ಧೆಗೆ ಹೋಗಿದೆ. ಬೇರೆಯವರು ಹಂಚಿದ್ದು ಅವನ ಕೈಯಲ್ಲಿಲ್ಲ.

ಅಕ್ಟೋಬರ್ 5

ಬದಲಾಯಿಸಿದ. ಈಗ 'ನಾರಿನ್ ಸಂತೆಯಲ್ಲಿ ಓಲೆ ಆರಿಸುತ್ತಿರುವ ಗಿರಾಕಿ' ಅಂತಿದೆ. ಅದರ ಕೆಳಗೆ ಯಾರೋ ಬರೆದಿದ್ದಾರೆ — ಹುಡುಗಿ ಕಡೆಯವರು ಹೆದರಿಸಿ ಬದಲಾಯಿಸಿರಬೇಕು. ಅದಕ್ಕೆ ನಾನೂರು ಜನ ಹೌದು ಹೌದು ಅಂದಿದ್ದಾರೆ.

ಥೂ. ಉಗುಳಿದರೆ ಗಡ್ಡ, ನುಂಗಿದರೆ ಗಂಟಲು.

ಅಕ್ಟೋಬರ್ 8

ಎರ್ಮೆಕ್ ಬಂದಿದ್ದ. ಕರೆಂಟ್ ಆಫೀಸಿನ ಜಾಕೆಟ್ಟು, ಸೊಂಟದಲ್ಲಿ ಕಂಬ ಹತ್ತುವ ಬೆಲ್ಟು. ಜಿಪರ್ ಮಾತಾಡಲಿ ಅಂತ ನಾನು ಹಿಂದಿನ ಕೋಣೆಗೆ ಹೋದೆ. ಗೋಡೆ ತೆಳು, ನಾನೇನು ಮಾಡಲಿ, ಕೇಳಿಸಿತು.

"ನಾನು ನಂಬ್ತೀನಿ ಜಿಪರ್. ಆಣೆ ಮಾಡಿ ಹೇಳ್ತೀನಿ."

"ಹಾಗಾದ್ರೆ ಅಷ್ಟೇ ಸಾಕಲ್ವಾ?"

ಅವನು ಹೇಳಿದ. "ಕಂಬ ಹತ್ತಿದ್ರೆ ಕೆಳಗಿಂದ ಕೂಗ್ತಾರೆ. ಏನಪ್ಪಾ ಎರ್ಮೆಕ್, ನಿನ್ನ ಹುಡುಗಿಗೆ ಎಷ್ಟು ಜನ ಅತ್ತೇರು, ಅಲ್ಲಿಂದ ಎಣಿಸಿ ಹೇಳು ಅಂತ. ನಾನು ಮೇಲೆ ತಂತಿ ಹಿಡ್ಕೊಂಡಿರ್ತೀನಿ."

"ಇಳಿದು ಬಂದು ಒಬ್ಬನಿಗೆ ಬಾರಿಸು."

"ಎಷ್ಟು ಜನಕ್ಕೆ ಬಾರಿಸ್ಲಿ?"

ಕೆಟ್ಟ ಹುಡುಗನಲ್ಲ. ಕೆಟ್ಟವನಾಗಿದ್ದರೆ ಎಷ್ಟು ಸುಲಭವಾಗಿತ್ತು! ಅಮ್ಮನ ಮನಸ್ಸು ತಣ್ಣಗಾಗಲಿ, ಸ್ವಲ್ಪ ದಿನ ತಡಿ ಅಂದು ಹೋದ. ಜಿಪರ್ ಒಲೆಯ ಮುಂದೆ ಕೂತು ಹಿಟ್ಟು ನಾದಿದಳು. ಅಷ್ಟು ನಾದಿದರೆ ರೊಟ್ಟಿ ಕಲ್ಲಾಗುತ್ತದೆ ಅಂದೆ. ಆಗಲಿ ಅಂದಳು.

ಅಕ್ಟೋಬರ್ 11

ವಕೀಲೆಯ ಹತ್ತಿರ ಹೋಗಿದ್ದೆವು. ಚಿಕ್ಕ ಹುಡುಗಿ. ಮೂಗು ಸೋರುತ್ತಿತ್ತು, ಮಾತು ಮಾತ್ರ ನೆಟ್ಟಗೆ.

"ಕಾನೂನು ನೋಡಿದ್ರೆ ನಿಮ್ಮ ಮುಖ ನಿಮ್ಮದೇ. ಅನುಮತಿ ಇಲ್ದೆ ಹಂಚೋ ಹಾಗಿಲ್ಲ. ಅವನು ಸಾರ್ವಜನಿಕ ಜಾಗ, ಕಲೆ ಅಂತಾನೆ. ಆವತ್ತು ಜಡ್ಜ್ ಯಾವ ಮಗ್ಗುಲಲ್ಲಿ ಎದ್ದಿರ್ತಾರೋ ಅದರ ಮೇಲೆ."

"ಕೇಸ್ ಹಾಕಿದ್ರೆ?"

"ವರ್ಷಗಟ್ಲೆ ಆಗ್ಬಹುದು. ಪೇಪರಿನವರು ಬರ್ತಾರೆ. ಸುದ್ದಿ ಜೊತೆ ಫೋಟೋ ಹಾಕ್ತಾರೆ. ಇನ್ನೂ ನೋಡಿಲ್ದೋರೂ ನೋಡ್ತಾರೆ."

"ಗೆದ್ರೆ?"

ಮೂಗು ಒರೆಸಿಕೊಂಡಳು. ಜಿಪರ್ ಕಡೆ ನೋಡಿ ಹೇಳಿದಳು. "ಗೆದ್ರೆ ಫೋಟೋ ಅಳಿಸ್ತೀನಿ ತಂಗಿ. ಜನ ನೋಡಿದ್ದನ್ನ ಅಳಿಸೋಕೆ ನಂಗೂ ಬರಲ್ಲ."

ಫೀಸು ತಗೊಳ್ಳಲಿಲ್ಲ. ಫೀಸು ತೆಗೆದುಕೊಳ್ಳದ ವಕೀಲರನ್ನು ಕಂಡರೆ ಭಯವಾಗುತ್ತದೆ. ಏನೂ ಆಗುವುದಿಲ್ಲ ಅಂತ ಅರ್ಥ.

ಅಕ್ಟೋಬರ್ 19

ಸ್ಪರ್ಧೆಯಲ್ಲಿ ಗೆದ್ದಿತಂತೆ. ಈಗ ಬಿಶ್ಕೆಕ್‌ನ ಬಸ್ ನಿಲ್ದಾಣದಲ್ಲಿ ದೊಡ್ಡ ಫಲಕ. 'ನಮ್ಮ ನಾಡಿನ ಮುಖಗಳು.' ಜೊಲ್ಚು ವ್ಯಾನು ನಿಲ್ಲಿಸುವ ಜಾಗದ ನೇರ ಮೇಲೆ.

"ನಾರಿನ್ ನಾರಿನ್ ಅಂತ ಅವಳ ಗಲ್ಲದ ಕೆಳಗೇ ನಿಂತು ಕೂಗ್ಬೇಕು ಕಣೇ" ಅಂದ. ಪಾಪ, ನಿನ್ನೆ ಕೆಸರು ತೆಗೆದು ಎರಚಿದ್ದಾನೆ. ಮುಖದ ಮೇಲೇ ಬಿದ್ದಿದೆ. ನಿಲ್ದಾಣದ ಕಾವಲುಗಾರ ಓಡಿ ಬಂದು ಬೈದು, ಪೈಪು ಹಿಡಿದು ತೊಳೆದನಂತೆ. "ಮೊದಲಿಗಿಂತ ಫಳಫಳ ಹೊಳೀತಿದಾಳೆ." ಹೇಳಿ ಬಟ್ಟಲು ಕೆಳಗಿಟ್ಟುಬಿಟ್ಟ. ಚಹಾ ಬಿಸಿ ಅಂದ.

ಅಕ್ಟೋಬರ್ 21

ಸಾಲ್ಕಿನ್ ತನ್ನ ತಮ್ಮನನ್ನು ಕಳಿಸಿದ್ದಳು. ಓಲೆ ವಾಪಸ್ಸು ಕೊಟ್ಟೆವು. ಜಿಪರ್ ತಾನೇ ಬಿಚ್ಚಿದಳು, ತಾನೇ ಬಟ್ಟೆಯಲ್ಲಿ ಸುತ್ತಿದಳು.

ನಾನು ಹೊರಗೆ ಹೋಗಿ ಕಲ್ಲಿದ್ದಲು ಒಡೆದೆ. ಬೇಕಾದ್ದಕ್ಕಿಂತ ಜಾಸ್ತಿ ಒಡೆದೆ.

ನವೆಂಬರ್ 9

ಬರೆಯಲು ಮನಸ್ಸಿರಲಿಲ್ಲ. ಹಿಮ ಬಿದ್ದು ವಾರವಾಯಿತು.

ಎರ್ಮೆಕ್ ರಷ್ಯಾಕ್ಕೆ ಹೋದ. ಹೇಳದೆ ಹೋದ. ಅವನ ಕಂಬದ ಮೇಲೆ ಈಗ ಬೇರೆ ಯಾರೋ.

ಜಿಪರ್ ಕಾಲೇಜು ಬಿಟ್ಟಿದ್ದಾಳೆ. ಬಿಟ್ಟಿದ್ದಾಳೆ ಅಂತ ನಾನು ಬರೆಯುತ್ತಿರುವುದು, ಅವಳು 'ಹೋಗಲ್ಲ' ಅಂತಷ್ಟೇ ಅಂದದ್ದು. ಆಸ್ಪತ್ರೆಯಲ್ಲಿ ಪಾಠಕ್ಕೆ ಹಾಕಿದ್ದರು. ಇಂಜೆಕ್ಷನ್ ಕೊಡಲು ಬಗ್ಗಿದರೆ ಪೇಶೆಂಟು, "ನೀನು ಓಲೆ ಹುಡುಗಿ ಅಲ್ವಾ?" ಅಂತ ಇನ್ನೊಂದು ಕೈಯಲ್ಲಿ ಫೋನು ಎತ್ತಿದನಂತೆ. ಡ್ರಿಪ್ ಹಾಕಿದ ಕೈ! ದಾರಿಯಲ್ಲೂ ಹಾಗೇ. ಅಂಗಡಿಯಲ್ಲೂ ಹಾಗೇ. ಮೊದಮೊದಲು ಓಡಿಸುತ್ತಿದ್ದೆ, ಒಬ್ಬನ ಬೆನ್ನಿಗೆ ಪೊರಕೆಯನ್ನೂ ಬಿಟ್ಟೆ. ಅದನ್ನೂ ಯಾರೋ ವಿಡಿಯೋ ಮಾಡಿದರು. 'ಓಲೆ ಹುಡುಗಿಯ ಹುಚ್ಚಕ್ಕ.' ನನ್ನ ಹರಿದ ಕಿವಿಯನ್ನು ಈಗ ಊರೆಲ್ಲ ನೋಡಿದೆ. ಬೇಕು ಅಂದಾಗ ತೋರಿಸಿದರೆ ಯಾರೂ ನೋಡಲಿಲ್ಲ.

ನಿನ್ನೆ ಬಿಶ್ಕೆಕ್‌ನಿಂದ ಒಂದು ಪಾರ್ಸೆಲ್ ಬಂತು. ಎಲ್ದಾರ್ ಕಳಿಸಿದ್ದು. ಫೋಟೋ, ದೊಡ್ಡದು, ಗಾಜು ಹಾಕಿಸಿ. 'ಗೌರವದಿಂದ' ಅಂತ ಬರೆದಿದ್ದಾನೆ. ಒಲೆಗೆ ಹಾಕುತ್ತೇನೆ ಅಂದೆ. ಜಿಪರ್ ಬೇಡ ಅಂದಳು.

"ಅದೊಂದನ್ನ ಸುಟ್ರೆ ಏನಾಗುತ್ತಕ್ಕಾ?"

ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದೇವೆ, ಹಿಟ್ಟಿನ ಮೂಟೆಯ ಹಿಂದೆ.

ಅವಳ ಕಿವಿಯ ತೂತು ಮುಚ್ಚಿಕೊಳ್ಳುತ್ತಿದೆ. ಒಂದು ಕಡ್ಡಿಯಾದರೂ ಹಾಕಿಕೋ ಅಂದರೆ ಕೇಳಿಸದ ಹಾಗೆ ಕೂರುತ್ತಾಳೆ.

ನವೆಂಬರ್ 16

ಕಾಲಿಚಾ ಅಜ್ಜಿ ಬಂದಿದ್ದರು. ಮನೆಗೇ. ಅಂಗಳದಲ್ಲಿ ಲಾರಿ, ಇಂಜಿನ್ ಆರಿಸದೆ ಒಳಗೆ ಕೂತ ಮಗ. ಗಂಟು ಬಿಚ್ಚಿ ಓಲೆ ಮೇಜಿನ ಮೇಲಿಟ್ಟರು. ಅದೇ ಹವಳ.

"ವಾಪಸ್ ತಗೊಳ್ತೀನಿ ಅಜ್ಜಿ" ಅಂದೆ. "ದುಡ್ಡು ಕೊಡ್ತೀನಿ."

"ವಾಪಸ್ ಕೊಡೋಕೆ ಬಂದಿಲ್ಲ ಮಗಳೇ."

ಅರ್ಥವಾಗಲು ಎರಡು ಕ್ಷಣ ಬೇಕಾಯಿತು. ಆಮೇಲೆ ಸಿಟ್ಟು ತಲೆಗೇರಿತು. ಅಜ್ಜಿ ನನ್ನ ಸಿಟ್ಟು ಮುಗಿಯುವವರೆಗೆ ಚಹಾ ಕುಡಿದರು. ಮೂರು ಬಟ್ಟಲು ಕುಡಿದರು.

"ಬೈದಿದ್ದಾಯ್ತಾ? ಈಗ ಕೇಳು. ನನ್ನ ಮಗ ತಾಲಾಯ್‌ಗೆ ಮೂವತ್ನಾಲ್ಕು. ಗಡಿ ತನಕ ಲಾರಿ ಹೊಡೀತಾನೆ. ಮೊದಲ ಹೆಂಡತಿ ಬಿಟ್ಟುಹೋದ್ಲು, ಮಾತೇ ಆಡಲ್ಲ ಅಂತ. ಆಡಲ್ಲ, ನಿಜ. ಹೊಡೆಯೋದೂ ಇಲ್ಲ, ಕುಡಿಯೋದೂ ಇಲ್ಲ. ಇನ್ಯಾರೂ ಅವನಿಗೆ ಹೆಣ್ಣು ಕೊಡಲ್ಲ. ಇನ್ಯಾರೂ ನಿನ್ನ ತಂಗೀನ ಕೇಳಲ್ಲ. ಊರೇ ಸೇರಿ ಮದುವೆ ಮಾಡ್ಸಿ ಆಗಿದೆ, ಊಟ ಹಾಕೋದೊಂದು ಬಾಕಿ."

"ಅವಳಿಗಿನ್ನೂ ಇಪ್ಪತ್ತು ಅಜ್ಜಿ!"

"ಗೊತ್ತು" ಅಂದರು. ಕಣ್ಣು ಒರೆಸಿಕೊಂಡರು. ನಾಟಕದ ಕಣ್ಣೀರಲ್ಲ. ಅದಕ್ಕೇ ನನಗೆ ಹೊಡೆದು ಓಡಿಸಲು ಆಗಲಿಲ್ಲ.

ಜಿಪರ್ ಬಾಗಿಲ ಹತ್ತಿರ ನಿಂತಿದ್ದಳು. ಯಾವಾಗ ಬಂದಳೋ.

ನವೆಂಬರ್ 17

ಜಗಳ. ಬೆಳಿಗ್ಗೆ ಶುರುವಾದದ್ದು.

"ಒಪ್ಕೊಂಡ್ಬಿಡ್ತೀನಿ ಅಕ್ಕಾ."

"ತಲೆ ಕೆಟ್ಟಿದೆಯಾ? ಕಾಲೇಜು ಮುಗಿಸು. ದೂರದ ಓಶ್ ಪಟ್ಟಣಕ್ಕೆ ಹೋಗು. ನಾನು ಕಳಿಸ್ತೀನಿ. ಅಂಗಡಿ ಮಾರ್ತೀನಿ ಬೇಕಾದ್ರೆ."

"ಓಶ್‌ನಲ್ಲಿ ಫೋನ್ ಇಲ್ವಾ?"

"ಅವನ್ನ ನೋಡಿದೀಯಾ? ಮುಖನಾದ್ರೂ ನೋಡಿದೀಯಾ?"

"ಸರಿಯಾಗಿ ನೋಡಿಲ್ಲ. ನನ್ನ ಮುಖ ಎಲ್ರೂ ನೋಡಿದಾರಲ್ಲ, ಸರಿಹೋಯ್ತು."

ನಾನು ಅತ್ತುಬಿಟ್ಟೆ. ನಿಜವಾಗಿಯೂ ಅತ್ತೆ. ಎಂಟು ವರ್ಷದವಳನ್ನು ಎತ್ತಿಕೊಂಡು ಬೆಳೆಸಿದ್ದು ಇದಕ್ಕಾ ಅಂದೆ. ಎರ್ಮೆಕ್ ವಾಪಸ್ ಬರೋ ತನಕ ಕಾಯಿ ಅಂದೆ. ತಾಲಾಯ್ ಒಳ್ಳೆಯವನೇ ಇರಬಹುದು, ನಿನಗೆ ಬೇಕಾದವನಲ್ಲವಲ್ಲೇ ಅಂದೆ. ಅವಳು ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಹರಿದ ಕಿವಿಯನ್ನು ಸವರಿದಳು. ಚಿಕ್ಕವಳಿದ್ದಾಗ ನಿದ್ದೆ ಬರದಿದ್ದರೆ ಹಾಗೆ ಮಾಡುತ್ತಿದ್ದಳು.

"ಎಲ್ಲ ಕಡೆನೂ ನಾನು ಹೇಳ್ತಾ ಇರ್ಬೇಕು ಅಕ್ಕಾ. ಅದು ಹಾಗಲ್ಲ, ಅವರು ಗಿರಾಕಿ, ನಂದು ಬರೀ ಕಿವಿ ಅಂತ. ಸತ್ತುಹೋಗೋ ತನಕ ಹೇಳ್ಬೇಕು. ಆ ಒಂದು ಮನೇಲಿ ಹೇಳ್ಬೇಕಾಗಿಲ್ಲ. ಅಲ್ಲಿ ಆ ಫೋಟೋ ನಿಜ ಆಗಿಬಿಡುತ್ತೆ."

"ಅದಕ್ಕೆ ಯಾರಾದ್ರೂ ಮದುವೆ ಆಗ್ತಾರೇನೇ?"

"ಸುಸ್ತಾಗಿದೆ" ಅಂದಳು.

ಅಷ್ಟೇ. ಇಪ್ಪತ್ತು ವರ್ಷದ ಹುಡುಗಿ.

ನವೆಂಬರ್ 23, ಶನಿವಾರ

ಓಲೆ ಇಟ್ಟಾಯಿತು. ಈ ಸಲ ಮನೆಯಲ್ಲಿ, ಕ್ರಮವಾಗಿ, ಕುರಿ ಕಡಿದು, ಹಿರಿಯರ ಎದುರು. ಅಜ್ಜಿ ಎರಡೂ ಕೈ ಎತ್ತಿದರು, ಜಿಪರ್ ಕತ್ತು ಬಗ್ಗಿಸಿದಳು. ನನಗೆ ನೋಡಲಾಗಲಿಲ್ಲ, ಅದನ್ನು ಆಗಲೇ ಸಾವಿರ ಸಲ ನೋಡಿದ್ದೇನಲ್ಲ. ಎಡಗಿವಿಯ ತೂತು ಪೂರ್ತಿ ಮುಚ್ಚಿಕೊಂಡಿತ್ತು. ಕೊಕ್ಕೆ ಒಳಗೆ ಹೋಗಲಿಲ್ಲ. ಅಜ್ಜಿ ಕೈ ಹಿಂದೆ ತೆಗೆದರು. ಜಿಪರ್ ತಾನೇ ಒತ್ತಿಕೊಂಡಳು. ಒಂದು ಹನಿ ರಕ್ತ, ಓಲೆಯ ಮೇಲೆ. ಹವಳದ ಬಣ್ಣವೇ ಆದ್ದರಿಂದ ಯಾರಿಗೂ ಕಾಣಲಿಲ್ಲ.

ತಾಲಾಯ್ ಬಾಗಿಲ ಹತ್ತಿರ ಕೂತಿದ್ದ. ದೊಡ್ಡ ಕೈ. ಒಂದೇ ಒಂದು ಸಲ ಜಿಪರ್ ಕಡೆ ನೋಡಿ, ತಪ್ಪು ಮಾಡಿದವನ ಹಾಗೆ ತಲೆ ತಗ್ಗಿಸಿದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಯಾರ ಮೇಲೆ ಸಿಟ್ಟು ಮಾಡಬೇಕು ಅಂತಲೇ ತಿಳಿಯುವುದಿಲ್ಲ, ಅದೇ ನನ್ನ ಸಂಕಟ. ಸಿಟ್ಟಿದೆ, ಇಡಲು ಜಾಗವಿಲ್ಲ.

ನವೆಂಬರ್ 25

ಎಲ್ದಾರ್ ಫೋನ್ ಮಾಡಿದ್ದ! ಯಾರು ಹೇಳಿದರೋ. ಖುಷಿಯೋ ಖುಷಿ ಅವನಿಗೆ.

"ಅಕ್ಕಾ, ಕೇಳಿ ರೋಮಾಂಚನ ಆಯ್ತು. ಅವರಿಬ್ಬರೇ ಅಂತೆ, ಅದೇ ಓಲೆ ಅಂತೆ! ನೋಡಿ, ನಾನು ಮೊದಲು ಬರೆದದ್ದೇ ನಿಜ ಆಯ್ತಲ್ಲ."

ಬೈಗುಳ ಎಲ್ಲ ಖರ್ಚಾಗಿಹೋಗಿದೆ.

"ಮದುವೆಗೆ ಬರ್ಲಾ ಅಕ್ಕಾ? ಈ ಸಲ ಕೇಳ್ತಾ ಇದೀನಿ. ಅನುಮತಿ ಕೇಳ್ತಾ ಇದೀನಿ."

ಫೋನು ಜಿಪರ್‌ಗೆ ಕೊಟ್ಟೆ. ಅವಳು ಕೇಳಿಸಿಕೊಂಡಳು. ತುಂಬ ಹೊತ್ತು ಕೇಳಿಸಿಕೊಂಡಳು. "ಬನ್ನಿ" ಅಂದಳು. "ನೀವು ಬರದೇ ಇದ್ರೂ ಇನ್ನೊಬ್ರು ತೆಗೀತಾರೆ."

ಅವನು ಮೊದಲಿನ ಬರಹವನ್ನೇ ವಾಪಸ್ಸು ಹಾಕಿದ್ದಾನೆ. ಒಪ್ಪಿಗೆಯ ನಾಚಿಕೆ.

ಡಿಸೆಂಬರ್ 7, ಬೆಳಿಗ್ಗೆ

ಅತ್‌ಬಾಶಿಯ ಗಾಡಿಗಳು ಬಂದಿವೆ. ಮೈನಸ್ ಹದಿನೆಂಟು. ಮದುವೆಯ ಬೂರ್ಸೋಕ್ ಹಿಟ್ಟುಂಡೆ ಕರಿದು ಕರಿದು ತಲೆಯೆಲ್ಲ ಎಣ್ಣೆವಾಸನೆ. ಹಿಟ್ಟಿನ ಮೂಟೆ ಖಾಲಿಯಾಯಿತು. ಹಿಂದಿದ್ದ ಫೋಟೋ ಅಜ್ಜಿಯ ಕಡೆಯ ಯಾರಿಗೋ ಕಂಡು, ಅಯ್ಯೋ ಇಷ್ಟು ಚೆನ್ನಾಗಿರೋದನ್ನ ಹೀಗೆ ಇಟ್ಟಿದೀರಾ ಅಂತ ತೆಗೆದು ಒರೆಸಿ, ಎದುರು ಗೋಡೆಗೆ ಮೊಳೆ ಹೊಡೆದು ಹಾಕಿದರು. ಎಲ್ಲರೂ ಅದರ ಕೆಳಗೆ ಕೂತು ತಿನ್ನುತ್ತಿದ್ದಾರೆ.

ಜಿಪರ್‌ಗೆ ಬಿಳಿ ವಸ್ತ್ರ ಹೊದಿಸಿ ಕೂರಿಸಿದ್ದಾರೆ. ಒಳಗೆ ಹೋಗಿ ಪಕ್ಕದಲ್ಲಿ ಕೂತೆ. ಇನ್ನೂ ಹೊತ್ತಾಗಿಲ್ಲ, ಬೇಡ ಅಂತ ಒಂದು ಮಾತು ಹೇಳು, ಜೊಲ್ಚು ಹಿಂದಿನ ಬಾಗಿಲಿಗೆ ವ್ಯಾನು ತರುತ್ತಾನೆ ಅಂತ ಕಿವಿಯಲ್ಲಿ ಹೇಳಿದೆ. ನಿಜಕ್ಕೂ ತರುತ್ತಿದ್ದ. ಇಂಜಿನ್ ಬಿಸಿ ಮಾಡಿಟ್ಟಿದ್ದ. ಜಿಪರ್ ನಕ್ಕಳು. ತುಂಬ ದಿನದ ಮೇಲೆ ನಕ್ಕದ್ದು.

"ಆಮೇಲೆ ಅದರದ್ದೊಂದು ಫೋಟೋ ಬರುತ್ತೆ ಅಕ್ಕಾ. ಓಡಿಹೋದ ಓಲೆ ಹುಡುಗಿ."

ಅವಳ ಕೈ ಮಂಜುಗಡ್ಡೆ. ಉಜ್ಜಿದೆ. ನನ್ನ ಬೆರಳಿನ ಬೆಳ್ಳಿಯ ಕಪ್ಪು ಅವಳ ಬಿಳಿ ತೋಳಿಗೆ ಹತ್ತಿತು. ಇರಲಿ ಬಿಡು ಅಂದಳು.

ಕಪ್ಪು ಟೋಪಿಯವನು ಬಂದಿದ್ದಾನೆ. ಅಂಗಳದಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸುತ್ತಿದ್ದಾನೆ. ಒಬ್ಬೊಬ್ಬರನ್ನೂ ಕೇಳುತ್ತಿದ್ದಾನೆ, ತೆಗೀಬಹುದಾ, ತೆಗೀಬಹುದಾ ಅಂತ. ಎಲ್ಲರೂ ತೆಗಿ ತೆಗಿ ಅನ್ನುತ್ತಿದ್ದಾರೆ.

ಜೊಲ್ಚು ಬಾಗಿಲು ಬಡಿಯುತ್ತಿದ್ದಾನೆ. ಅಕ್ಕ ಇಲ್ಲದೆ ಫೋಟೋ ಪೂರ್ತಿಯಾಗುವುದಿಲ್ಲವಂತೆ, ನಾನು ಜಿಪರ್ ಪಕ್ಕದಲ್ಲೇ ನಿಲ್ಲಬೇಕಂತೆ, ಕಿವಿ ಕಾಣದ ಹಾಗೆ ಶಾಲು ಹೊದ್ದು, ಸ್ವಲ್ಪ ನಗ್ತಾ...